ಹತ್ತು ಸೀಟಿನ ಗಾಡಿ

ಎಲ್ಲರೂ ಒಪ್ಪಿದರು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಫಕೀರವ್ವನಿಗೆ ಎಲ್ಲೋ ಏನೋ ಸುಟ್ಟ ವಾಸನೆ ಬರುತ್ತಿತ್ತು. ಬಸ್ಸಿನ ಬಾಗಿಲಲ್ಲಿ ನಿಂತು ಮಂದಿಯನ್ನು ನೋಡಿದ ಕಂಡಕ್ಟರ್ ಅವಳು. ಒಂದು ಗಾಡಿ ಜನ ಒಂದು ಕಿಟಕಿ ತೆಗೆಯುವ ವಿಷಯಕ್ಕೆ ಒಪ್ಪಿದ್ದನ್ನು ಅವಳು ಇವತ್ತಿನವರೆಗೆ ಕಂಡಿರಲಿಲ್ಲ. ಒಬ್ಬರಿಗೆ ಗಾಳಿ ಬೇಕು, ಇನ್ನೊಬ್ಬರಿಗೆ ಧೂಳು ಬೇಡ, ಮತ್ತೊಬ್ಬರ ಕೂಸಿಗೆ ನೆಗಡಿ. ಅಂಥದ್ದರಲ್ಲಿ ಗದಗ ಕೇಂದ್ರದ ಎಂ.ಎ. ಸಮಾಜಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಬಿಟ್ಟಿದ್ದಾರೆಂದು ಅವಳ ಫೋನಿಗೆ ಪ್ರಕಟಣೆ ಬಂದಿತ್ತು.

"ಕಟ್ಟೆಯಲ್ಲಿ ಮೂಡಿದ ಒಮ್ಮತದ ಮೇರೆಗೆ ಗದಗ ಅಧ್ಯಯನ ಕೇಂದ್ರದ ಭಾನುವಾರದ ತರಗತಿಗಳನ್ನು ಶಾಶ್ವತವಾಗಿ ನಿಲ್ಲಿಸಿ ಕೊಠಡಿಯನ್ನು ಹಿಂದಿರುಗಿಸಲಾಗುವುದು. ಆಕ್ಷೇಪವಿದ್ದವರು ಬರುವ ಭಾನುವಾರ ಕಟ್ಟೆಯ ಮುಕ್ತ ಚರ್ಚೆಯಲ್ಲಿ ತಿಳಿಸಬಹುದು."

"ಏನ್ ಬೇ, ರೊಟ್ಟಿ ಕೈಯಾಗ ಹಿಡಕೊಂಡು ಫೋನ್ ತಿನ್ನಾಕತ್ತೀ?" ಎಂದ ಗಂಡ ಪರಸಪ್ಪ. ಅವನೂ ಅವಳದೇ ಡಿಪೋದ ಡ್ರೈವರು. ಇಬ್ಬರಿಗೂ ಒಂದೇ ಗಾಡಿ ಸಿಕ್ಕಿದ್ದು ಕಡಿಮೆ. ಸಿಕ್ಕಿದ ದಿನ ಜಗಳ ಜಾಸ್ತಿ.

"ನಮ್ಮ ರವಿವಾರದ ಕ್ಲಾಸು ಕಾಯಂ ಬಂದ್ ಮಾಡ್ತಾರಂತ. ನಾವ ಬ್ಯಾಡ ಅಂದೀವಂತ."

"ನೀ ಅಂದೀಯೇನು?"

"ನಾ ಯಾಕ ಅನ್ಲಿ?"

"ಮತ್ತ ಯಾರ್ ಅಂದ್ರು?"

"ಎಲ್ಲಾರೂ."

"ಎಲ್ಲಾರೂ ಅಂದ್ರ ಯಾರೂ ಅಲ್ಲ ಅಂತ ತಿಳಕೋ," ಎಂದು ಪರಸಪ್ಪ ಪಲ್ಲೆಯ ಬೋಗುಣಿ ತನ್ನ ಕಡೆ ಎಳೆದುಕೊಂಡ.

ಕಟ್ಟೆ ಎಂದರೆ ಮಲಪ್ರಭಾ ಮುಕ್ತ ವಿಶ್ವವಿದ್ಯಾಲಯ ಹುಟ್ಟುಹಾಕಿದ ಚರ್ಚಾಜಾಲ. ದೂರದಲ್ಲಿದ್ದು ಓದುವವರು ಅಲ್ಲಿ ಸೇರಬೇಕು, ಪಾಠದ ಮೇಲೆ ಬರೆಯಬೇಕು, ಒಬ್ಬರಿಗೊಬ್ಬರು ಉತ್ತರಿಸಬೇಕು. ಹಾಗೆ ಬರೆದದ್ದಕ್ಕೇ ಅಂಕ. ಅಲ್ಲಿ ಫೋನ್ ನಂಬರು ಬರೆದರೆ ಅದು ಕಣ್ಣೆದುರೇ ಚುಕ್ಕಿಚುಕ್ಕಿಯಾಗಿ ಅಳಿಸಿಹೋಗುತ್ತಿತ್ತು. ಹೆಸರಿನ ಜೊತೆ ಕಟ್ಟೆಯೇ ತೋರಿಸುವ ಊರೊಂದು ಬಿಟ್ಟರೆ, ಓಣಿ, ಸೇರುವ ಜಾಗ, ಭೇಟಿಯ ದಿನ, ಯಾವುದು ಬರೆದರೂ ಚುಕ್ಕಿ. ಖಾಸಗಿತನ ಕಾಪಾಡುವುದಕ್ಕಂತೆ. ಬಿ.ಎ. ಓದುವಾಗ ಈ ಕಟ್ಟೆ ಇರಲಿಲ್ಲ, ಭಾನುವಾರದ ಕೋಣೆ ಇತ್ತು. ಎಂ.ಎ.ಗೆ ಹೆಸರು ಹಚ್ಚುವ ಹೊತ್ತಿಗೆ ಕೋಣೆಗೆ ಬೀಗ ಬಿದ್ದಿತ್ತು. ತಾತ್ಕಾಲಿಕ ಎಂದಿದ್ದರು. ಬೀಗಕ್ಕೆ ತುಕ್ಕು ಹಿಡಿಯುವವರೆಗೆ ತಾತ್ಕಾಲಿಕ.

ಆ ಕೋಣೆಯಲ್ಲಿ ಅಂಥದ್ದೇನಿತ್ತು? ಮೂವರು ಕೂರುವ ಬೆಂಚುಗಳಿದ್ದವು. ಅಷ್ಟೇ. ಆದರೆ ಸಣ್ಣವಳಿದ್ದಾಗ ಸಾಲೆಯಲ್ಲಿ ಬಾಗಿಲ ಬಳಿಯ ಗೋಣಿತಟ್ಟಿನ ಮೇಲೆ ಬೇರೆ ಕೂತು ಅಕ್ಷರ ಕಲಿತವಳು ಫಕೀರವ್ವ ಮಾದರ. ಆ ಬೆಂಚಿನಲ್ಲಿ ಅವಳ ಒಂದು ಮೊಣಕೈ ಕಿರಾಣಿ ಅಂಗಡಿಯ ಸೊಸೆಗೆ ತಾಗುತ್ತಿತ್ತು, ಇನ್ನೊಂದು ಒಬ್ಬ ನೇಕಾರನಿಗೆ. ಯಾರೂ ಸರಿದು ಕೂರಲಿಲ್ಲ, ಸರಿಯಲು ಜಾಗವೂ ಇರಲಿಲ್ಲ. ಪಾಠ ಹೇಳುವ ನದಾಫ ಸರ್ ಒಮ್ಮೆ ಏನೋ ಹೇಳಿ ಅವಳ ಕಡೆ ನೋಡಿದಾಗ ಅವಳು "ನನಗ ಹಂಗ ಅನಸಂಗಿಲ್ರೀ ಸರ್" ಅಂದಿದ್ದಳು. ಬಸ್ಸಿನಲ್ಲಿ ಊರೆಲ್ಲ ಕೇಳುವ ಹಾಗೆ "ಮುಂದ ಹೋಗ್ರೀ" ಎಂದು ಕೂಗುವ ಗಂಟಲು ಅದು. ಆದರೆ ಆ ನಾಲ್ಕು ಶಬ್ದ ಅದರಿಂದ ಹೊರಬಿದ್ದದ್ದು ಜನ್ಮದಲ್ಲಿ ಅದೇ ಮೊದಲು. ಪರದೆಗೆ ಮೊಣಕೈ ಇಲ್ಲ. ಅದಕ್ಕೇ ಅವಳಿಗೆ ಆ ಕೋಣೆ ಬೇಕಾಗಿತ್ತು.

*

ಅವತ್ತು ಮಧ್ಯಾಹ್ನ ನರಗುಂದದ ಬಸ್ ನಿಲ್ದಾಣದಲ್ಲಿ ಕರೆಂಟು ಗಾಡಿ ಚಾರ್ಜಿಗೆ ಹಾಕಿದ್ದಾಗ, ಫಕೀರವ್ವ ಬೇವಿನ ನೆರಳಿಗೆ ಕೂತು ಕಟ್ಟೆಗೆ ಬರೆದಳು: "ನಾ ಒಪ್ಪಿಲ್ಲ. ನನಗ ರವಿವಾರದ ಕ್ಲಾಸು ಬೇಕು. ಒಪ್ಪಿದೋರು ಯಾರ್ ಅದೀರಿ, ಯಾಕ ಒಪ್ಪಿದ್ರಿ ಹೇಳ್ರಿ."

ಮಾತಿನ ಮಳೆ ಸುರಿಯಿತು. ಎಲ್ಲ ಮೆತ್ತಗಿನ ಮಾತು. ಒಬ್ಬರು ದೂರ ಅಂದರು, ಇನ್ನೊಬ್ಬರು ಬಿಸಿಲು ಅಂದರು. ಎಲ್ಲಕ್ಕಿಂತ ಮೊದಲು ಬರೆದವಳು ಶಾಂಭವಿ.

ಶಾಂಭವಿ ಅವಳ ಗೆಳತಿ. ನರಗುಂದದ ಕಡೆಯ ಅಂಗನವಾಡಿ ಶಿಕ್ಷಕಿ. ಮೊದಲ ವರ್ಷ ಒಂದು ಪೇಪರು ಬಿದ್ದು ಫಕೀರವ್ವ ಓದೇ ಬಿಡುತ್ತೇನೆಂದು ಕೂತಾಗ ದಿನವೂ ಬರೆದು ಎಬ್ಬಿಸಿದವಳು. ಅವ್ವ ತೀರಿಕೊಂಡ ವಾರ ಡ್ಯೂಟಿಯ ನಡುನಡುವೆ ಫೋನು ತೆಗೆದರೆ, ಅಲ್ಲಿ ಅವಳ ಮಾತು ಇರುತ್ತಿತ್ತು. ಅವಳ ಮುಖ ನೋಡಿಲ್ಲ, ದನಿ ಕೇಳಿಲ್ಲ.

"ಫಕೀರವ್ವ, ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ," ಎಂದು ಬರೆದಿದ್ದಳು ಶಾಂಭವಿ. "ಆದರೆ ಮನೆ ಮಕ್ಕಳು ಎಂದು ಇರುವ ಹೆಣ್ಣುಮಕ್ಕಳಿಗೆ ಭಾನುವಾರ ಬಿಡುವು ಎಲ್ಲಿದೆ? ಮೊದಲು ಪರೀಕ್ಷೆ ಮುಗಿಯಲಿ. ಆಮೇಲೆ ಎಲ್ಲರೂ ಸೇರಿ ಯೋಚಿಸೋಣ."

ಅದರ ಹಿಂದೆಯೇ "ಹೌದು, ಪರೀಕ್ಷೆ ಮುಗಿಯಲಿ" ಎಂದು ಒಬ್ಬರಾದ ಮೇಲೆ ಒಬ್ಬರು. ಸಿಟ್ಟು ಬಂದಾಗ ಕೈ ಅಭ್ಯಾಸದ ಹಾದಿ ಹಿಡಿಯುತ್ತದೆ. ಫಕೀರವ್ವ ಒಂದೇ ಶಬ್ದ ಒತ್ತಿದಳು: "ಹೋಲ್ಡಾನ್!"

ನಮ್ಮ ಬಸ್ಸುಗಳಲ್ಲಿ ಓಡಾಡಿದವರಿಗೆ ಆ ಶಬ್ದದ ಅರ್ಥ ಹೇಳಿಕೊಡಬೇಕಾಗಿಲ್ಲ. ಕಂಡಕ್ಟರ್ ಹೋಲ್ಡಾನ್ ಅಂದರೆ ಗಾಡಿ ನಿಲ್ಲಬೇಕು. ಅದೇ ಕಂಡಕ್ಟರ್ ರೈಟ್ ಅನ್ನುವವರೆಗೆ ಚಕ್ರ ಉರುಳುವಂತಿಲ್ಲ. ಬಾಗಿಲು ತಾನೇ ಮುಚ್ಚುವ ಕರೆಂಟು ಬಸ್ಸುಗಳು ಬಂದ ಮೇಲೂ ಆ ಮಾತು ಹೋಗಿಲ್ಲ. ಗದಗ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಡ್ರೈವರು ಕಂಡಕ್ಟರುಗಳು ಸೇರಿ ಒಂದು ಓದುವ ಬಳಗ ಕಟ್ಟಿಕೊಂಡಿದ್ದರು. ಒಬ್ಬರು ಪುಸ್ತಕ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ತಿಳಿಯದ ಸಾಲು ಬಂದರೆ ಯಾರೇ ಆಗಲಿ ಹೋಲ್ಡಾನ್ ಅನ್ನಬಹುದು. ಅಂದ ತಕ್ಷಣ ಎಲ್ಲರೂ ಬಾಯಿ ಮುಚ್ಚಬೇಕು. ಅಂದವರು ತಲೆಯಲ್ಲಿ ಅದನ್ನು ಹೊರಳಾಡಿಸಿ, ಕೇಳುವುದಿದ್ದರೆ ಕೇಳಿ, ರೈಟ್ ಅಂದ ಮೇಲೆಯೇ ಮುಂದಿನ ಸಾಲು. ಜಾಣರು ಮುಂದೆ ಓಡದಂತೆ, ಹಿಂದಿದ್ದವರು ಗಾಡಿ ತಪ್ಪಿಸಿಕೊಳ್ಳದಂತೆ ಅವರು ಮಾಡಿಕೊಂಡ ಕಟ್ಟಳೆ ಅದು.

ಕಟ್ಟೆಯಲ್ಲಿ ಗಾಡಿ ನಿಲ್ಲಲಿಲ್ಲ.

"ಹೌದು ಫಕೀರವ್ವ, ಗಟ್ಟಿಯಾಗಿ ಹಿಡಿದುಕೊಂಡಿರು," ಎಂದು ಬರೆದಳು ಶಾಂಭವಿ. "ಎಂಥ ಕಷ್ಟದಲ್ಲೂ ಕೈ ಬಿಡಬಾರದು. ನಿನ್ನ ಜೊತೆ ನಾನಿದ್ದೇನೆ."

"ನಿಜ, ಬಿಗಿಯಾಗಿ ಹಿಡಿದುಕೊಳ್ಳೋಣ," ಎಂದ ಮುಂಡರಗಿಯ ಒಬ್ಬ. "ಛಲ ಬಿಡಬೇಡಿ ಅಕ್ಕ," ಎಂದಳು ಲಕ್ಷ್ಮೇಶ್ವರದವಳು. ಹಿಡಿದುಕೊಳ್ಳುವವರ ಸಾಲು ಉದ್ದವಾಗುತ್ತಲೇ ಹೋಯಿತು. ನಡುವೆ ರೋಣದ ವೀರಭದ್ರ ಎಂಬುವವನ ಒಂದು ಸಾಲು ಮಾತ್ರ ಬೇರೆ ಇತ್ತು: "ಯಾಕ್ರೀ ಅಕ್ಕಾರ, ಸ್ಟಾಪ್ ಬಂತೇನು?"

ಸಂಜೆ ಪರಸಪ್ಪ ಅದನ್ನು ಓದಿ ಕೆಮ್ಮು ಬರುವವರೆಗೆ ನಕ್ಕ. "ನರಗುಂದದಾಕಿ ಹೋಲ್ಡಾನ್ ಅಂದ್ರ ಗಟ್ಟಿ ಹಿಡಕೋ ಅಂತ ತಿಳದಾಳ? ಹುಟ್ಟಿದಾಗಿಂದ ಹೆಲಿಕಾಪ್ಟರ್‌ನ್ಯಾಗ ಅಡ್ಡಾಡ್ಯಾಳೇನು ನಿನ್ನ ಗೆಳತಿ?"

ಫಕೀರವ್ವ ನಗಲಿಲ್ಲ. "ಇಂಗ್ಲಿಷ್‌ನ್ಯಾಗ ಅದಕ್ಕ ಹಂಗೂ ಅರ್ಥ ಐತಿ."

"ಐತಿ. ಆದ್ರ ನಮ್ಮ ಕಡಿ ಅದು ಇಂಗ್ಲಿಷ್ ಅಂತ ಯಾವ ಮುದುಕಿಗೆ ಗೊತ್ತೈತಿ ಹೇಳು? ಇಂಗ್ಲಿಷ್‌ನ್ಯಾಗ ವಿಚಾರ ಮಾಡಿ ಕನ್ನಡದಾಗ ಬರದಾಂಗ ಐತಿ ಇದು. ಆಕೀನೂ ಹಂಗ, ಮುಂಡರಗಿಯಾಂವನೂ ಹಂಗ, ಲಕ್ಷ್ಮೇಶ್ವರದಾಕಿನೂ ಹಂಗ..." ಹೇಳುತ್ತ ಹೇಳುತ್ತ ಅವನ ನಗು ನಿಂತಿತು. "ಫಕೀರಿ, ಇವ್ರು ಮಂದಿ ಹೌದೋ ಅಲ್ಲೋ?"

ಆ ಪ್ರಶ್ನೆಯನ್ನು ಅವಳು ಮಧ್ಯಾಹ್ನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡು ಟಿಕೆಟ್ ಹರಿದಿದ್ದಳು.

*

ವಾರದ ರಜೆಯ ದಿನ ಅವಳು ವಿಶ್ವವಿದ್ಯಾಲಯಕ್ಕೇ ಹೋದಳು. ಕಟ್ಟೆಯ ನಿಯಂತ್ರಣ ಕೊಠಡಿ ತಣ್ಣಗಿತ್ತು, ಚಪ್ಪಲಿ ಹೊರಗೆ ಬಿಡಬೇಕಿತ್ತು. ಗೋಡೆಯ ತುಂಬ ದೊಡ್ಡ ಪರದೆ. ಅದರ ಮೇಲೆ ಊರೂರಿನ ಕೇಂದ್ರಗಳ ಹೆಸರಿನಡಿ ಬಣ್ಣದ ಚೌಕಗಳು: ಕೆಲವು ನೀಲಿ, ಬಹಳಷ್ಟು ಹಳದಿ, ಒಂದೋ ಎರಡೋ ಕೆಂಪು. ಗದಗದ ಚೌಕ ಕೆಂಪಗಿತ್ತು.

"ಅದು ನಿಮ್ದೇ," ಎಂದು ನಕ್ಕರು ಡಾ. ಸ್ವರೂಪಾ ಮಾನ್ವಿಕರ್. ಕಟ್ಟೆಯ ಮುಖ್ಯಸ್ಥೆ. ಹುಟ್ಟಿ ಬೆಳೆದದ್ದು ಪುಣೆಯಲ್ಲಿ, ಕನ್ನಡ ಮನೆಯೊಳಗೆ ಕಲಿತದ್ದು ಎಂದು ಮೊದಲೇ ಹೇಳಿಬಿಟ್ಟಿದ್ದರು. ಅವರ ನಗುವಿನಲ್ಲಿ ಕಪಟ ಕಾಣಲಿಲ್ಲ. ಅದೇ ಫಕೀರವ್ವನಿಗೆ ಇನ್ನಷ್ಟು ಅನುಮಾನ ತಂದಿತು.

"ನೀಲಿ ಅಂದರೆ ಮೌನ. ಯಾರೂ ಮಾತಾಡ್ತಿಲ್ಲ ಅಂತ. ಕೆಂಪು ಅಂದರೆ ಜಗಳ, ಅಸಮಾಧಾನ. ಹಳದಿ ಇದ್ದರೆ ಕಲಿಕೆ ಚೆನ್ನಾಗಿ ನಡೀತಿದೆ ಅಂತ ಅರ್ಥ."

"ನೀಲಿ ಆದ್ರ ಏನ್ ಮಾಡ್ತೀರಿ ಮೇಡಂ?"

"ನಾವೇನೂ ಮಾಡಲ್ಲ. ಸಂಗಾತಿಗಳು ಮಾತಾಡಿಸ್ತಾರೆ."

ಸಂಗಾತಿ ಎಂದರೆ ಯಂತ್ರ ಹುಟ್ಟಿಸಿದ ಸಹಪಾಠಿ. ಮೇಡಂ ಅದನ್ನು ಮುಚ್ಚಿಡಲಿಲ್ಲ, ಪ್ರವೇಶದ ನಿಯಮಗಳಲ್ಲೇ ಬರೆದಿದೆ ಎಂದರು. ಒಂಟಿಯಾಗಿ ಓದುವವರು ಅರ್ಧಕ್ಕೇ ಬಿಟ್ಟುಹೋಗುತ್ತಾರೆ. ಜೊತೆಗೆ ಯಾರೋ ಇದ್ದಾರೆ ಅನ್ನಿಸಿದರೆ ಬಿಡುವುದಿಲ್ಲ. ಹಾಗಾಗಿ ಚರ್ಚೆ ತಣ್ಣಗಾದರೆ ಸಂಗಾತಿಗಳು ಪ್ರಶ್ನೆ ಎತ್ತುತ್ತಾರೆ, ಕಾದರೆ ನೀರು ಚಿಮುಕಿಸುತ್ತಾರೆ. ಮೌನ ಅವರಿಗೆ ಸಹಿಸದು, ಅವರನ್ನು ಮಾಡಿರುವುದೇ ಹಾಗೆ.

"ಶಾಂಭವಿ?" ಎಂದು ಕೇಳಿದಳು ಫಕೀರವ್ವ.

"ಯಾರು ಸಂಗಾತಿ, ಯಾರು ವಿದ್ಯಾರ್ಥಿ ಅಂತ ಹೇಳೋ ಹಾಗಿಲ್ಲ. ವಿದ್ಯಾರ್ಥಿಗಳ ಖಾಸಗಿತನದ ವಿಷಯ."

"ಅವ್ವ ಸತ್ತಾಗ ಆಕಿ ನನ್ನ ಕೂಡ ಅತ್ಲು ಮೇಡಂ."

ಮೇಡಂ ಪರದೆಯಿಂದ ಅವಳ ಕಡೆ ತಿರುಗಿದರು. "ಅದರಿಂದ ನಿಮಗೆ ಸಮಾಧಾನ ಆಯ್ತಲ್ವಾ? ಪರೀಕ್ಷೆಗೆ ಕೂತ್ರಿ, ಪಾಸಾದ್ರಿ. ಅಷ್ಟು ಸಾಲದಾ?"

"ಆಕೀನ್ನ ನನ್ನ ಕೂಡ ಅಳಾಕ ಹಚ್ಚಿದ್ದು ಇರ್ಲಿ ಬಿಡ್ರೀ. ಆದ್ರ ನಮ್ಮ ಕ್ಲಾಸು ಬ್ಯಾಡ ಅಂತ ಕೈ ಎತ್ತಾಕ ಆಕಿಗೆ ಯಾರ್ ಹೇಳಿದ್ರು? ಆಕಿ ಯಾವ ಬೆಂಚಿನ ಮ್ಯಾಲ ಕುಂಡ್ರಾಕಿ?"

"ಸಂಗಾತಿಗಳ ಅಭಿಪ್ರಾಯ ಅಂದರೆ ರಾಜ್ಯದ ಸಾವಿರಾರು ವಿದ್ಯಾರ್ಥಿಗಳ ಅಭಿಪ್ರಾಯದ ಸರಾಸರಿ. ಒಂದು ರೀತೀಲಿ ಅವರೇ ನಿಜವಾದ ಬಹುಮತ."

"ಸರಾಸರಿ ಮನುಷ್ಯಾಗ ಹೊಟ್ಟಿ ಹಸಿಯಂಗಿಲ್ರೀ ಮೇಡಂ. ಆಂವಗ ಬಸ್ಸೂ ಬೇಕಾಗಿಲ್ಲ, ಬೆಂಚೂ ಬೇಕಾಗಿಲ್ಲ. ಆಂವನ್ನ ಕೇಳಿದ್ರ ಎಲ್ಲಾ ಬಂದ್ ಮಾಡ್ರಿ ಅಂತಾನ."

ಅಷ್ಟರಲ್ಲಿ ಅಟೆಂಡರ್ ಚಹಾ ತಂದ. ಬಿಳಿ ಅಂಗಿಯ ಬಡಕಲು ಮನುಷ್ಯ. ಮೇಡಂ ಕಪ್ಪು ಎತ್ತಿಕೊಂಡು, ಮಾತು ಬದಲಿಸುವವರಂತೆ ಕೇಳಿದರು: "ಅಂದ ಹಾಗೆ, ಮೊನ್ನೆ ನೀವೊಂದು ಪದ ಹಾಕಿದ್ರಿ. ಹೋಲ್ಡಾನ್. ಅದಕ್ಕೆ ಸಂಗಾತಿಗಳು ಒಂದು ರೀತಿ ಉತ್ತರ ಕೊಟ್ರೆ ವಿದ್ಯಾರ್ಥಿಗಳು ಬೇರೆ ರೀತಿ ಕೊಟ್ಟಿದ್ದಾರೆ. ನಮ್ಮ ವ್ಯವಸ್ಥೆ ಅದನ್ನ ಗುರುತು ಹಾಕಿದೆ. ನಿಮ್ಮ ಕಡೆ ಅದಕ್ಕೇನಾದ್ರೂ ಬೇರೆ ಅರ್ಥ ಇದೆಯಾ? ಹೇಳಿದ್ರೆ ಅವರಿಗೆ ಕಲಿಸ್ತೀವಿ."

ಫಕೀರವ್ವ ಲೆಕ್ಕ ಹಾಕಿದಳು. ಹಾಗಾದರೆ ಹಿಡಿದುಕೊಳ್ಳಿ ಅಂದವರೆಲ್ಲ ಸಂಗಾತಿಗಳು. ಶಾಂಭವಿಯೂ. ಹೇಳುವ ಹಾಗಿಲ್ಲ ಎಂದ ಬಾಯಿಯೇ ಹೇಳಿಬಿಟ್ಟಿತ್ತು. ಸ್ಟಾಪ್ ಬಂತೇನು ಎಂದು ತಮಾಷೆ ಮಾಡಿದ ವೀರಭದ್ರನಿಗೆ ಎಲ್ಲೋ ಒಂದು ಮೈ ಇದೆ. ಹೊಟ್ಟೆ ಇದೆ. ಮೊಣಕೈ ಇದೆ.

"ಬ್ಯಾರೇ ಅರ್ಥ ಏನಿಲ್ರೀ ಮೇಡಂ," ಅಂದಳು ನಿಧಾನಕ್ಕೆ. "ಗಟ್ಟಿ ಹಿಡಕೋರಿ ಅಂತ ಅಷ್ಟ. ಧೈರ್ಯ ಹೇಳಾಕ ಅಂತೀವಿ."

ಟ್ರೇ ಹಿಡಿದು ನಿಂತಿದ್ದ ಅಟೆಂಡರ್ ಥಟ್ಟನೆ ಅವಳ ಮುಖ ನೋಡಿದ. ಅವನ ತುಟಿ ಅಲುಗಿದಂತಾಯಿತು. ಇವನು ಹೇಳಿಬಿಟ್ಟರೆ ಮುಗಿಯಿತು ಎಂದು ಫಕೀರವ್ವ ಕೈಚೀಲದ ಹಿಡಿ ಒತ್ತಿದಳು. ಅವನು ಖಾಲಿ ಟ್ರೇ ಹಿಡಿದು ಹೊರಗೆ ಹೋದ.

*

"ಒಂದು ಹಾದಿ ಐತಿ," ಎಂದರು ನದಾಫ ಸರ್. ಕೇಂದ್ರಕ್ಕೆ ಬೀಗ ಬಿದ್ದಮೇಲೆ ಅವರು ಮನೆಯ ಪಡಸಾಲೆಯಲ್ಲಿ ಟ್ಯೂಷನ್ ಹೇಳುತ್ತಿದ್ದರು. "ಹಳೇ ನಿಯಮ ಇನ್ನೂ ರದ್ದಾಗಿಲ್ಲಬೇ ತಂಗಿ. ಕೇಂದ್ರದಾಗ ಹತ್ತು ಮಂದಿ ಖುದ್ದು ಬಂದು ಕುಂತ್ರ ಕ್ಲಾಸ್ ನಡಸಲೇಬೇಕು. ಒಂದು ದಿನ ನಡದ್ರೂ ಸಾಕು, ಬೇಡಿಕಿ ಇಲ್ಲ ಅಂತ ಕೋಣಿ ಬಿಟ್ಟುಕೊಡಾಕ ಬರಂಗಿಲ್ಲ. ಹಾಜರಿ ನಾ ಬರದು ಕಳಸ್ತೀನಿ. ಆದ್ರ ಹತ್ತು ಮಂದೀನ ಎಲ್ಲಿಂದ ತರ್ತೀ? ಯಾರ ಹೆಸರೂ ಗೊತ್ತಿಲ್ಲ, ಗೊತ್ತಿದ್ರೂ ಅವು ಹೆಸರೋ ಏನೋ ಗೊತ್ತಿಲ್ಲ."

"ಸುಮ್ಕಿದ್ದೋರನ್ನ ಹುಡುಕ್ತೀನ್ರೀ ಸರ್," ಎಂದಳು ಫಕೀರವ್ವ.

ಭಾನುವಾರ ಮುಂಜಾನೆ ಮುಕ್ತ ಚರ್ಚೆ ಶುರುವಾಯಿತು. ಫಕೀರವ್ವ ಅಂಗಳದ ಹೊರಸಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಪರಸಪ್ಪ, ಸೈಕಲ್ಲು ಒರೆಸುವ ನೆವದಲ್ಲಿ ಇಣುಕುತ್ತಿದ್ದ. ಕಟ್ಟೆಯಲ್ಲಿ ಅವರಿವರು ಸೇರಿ ಮಾತು ಏರುತ್ತಿತ್ತು. ಪರೀಕ್ಷೆ, ಬಿಸಿಲು, ದೂರ, ಮಕ್ಕಳು. ಅವಳು ಬರೆದಳು: "ಹೋಲ್ಡಾನ್."

"ಹಿಡಿದುಕೊಂಡಿದ್ದೇವೆ," ಎಂದು ಬಂತು ಮೊದಲ ಉತ್ತರ.

ಅವಳು ಮತ್ತೆ ಬರೆದಳು: "ಹೋಲ್ಡಾನ್. ಕಂಡಕ್ಟರ್ ರೈಟ್ ಅಂದಿಲ್ಲ."

ರೋಣದ ವೀರಭದ್ರ ನಡುವೆ ಏನೋ ಬರೆಯಲು ಹೊರಟಿದ್ದ. ಅವನ ಹೆಸರಿನ ಮುಂದೆ ಬರೆಯುತ್ತಿರುವ ಗುರುತು ಮೂಡಿ, ಅರ್ಧಕ್ಕೆ ನಿಂತು, ಮಾಯವಾಯಿತು. ಮತ್ತೆ ಮೂಡಲಿಲ್ಲ. ಶಿರಹಟ್ಟಿಯ ಹೆಣ್ಣುಮಗಳೊಬ್ಬಳು ಸುಮ್ಮನಾದಳು. ಬೆಟಗೇರಿಯ ಒಬ್ಬರು. ಗಜೇಂದ್ರಗಡದ ಇಬ್ಬರು. ಬಸ್ಸಿನಲ್ಲಿ ಗಂಟೆ ಹೊಡೆದಾಗ ನಿಂತವರು ಕಂಬ ಹಿಡಿದು ಕಾಯುವಂತೆ ಒಬ್ಬೊಬ್ಬರಾಗಿ ನಿಂತರು.

ಮನುಷ್ಯರು ಸುಮ್ಮನಾದಷ್ಟೂ ಉಳಿದವರ ಮಾತು ಹೆಚ್ಚಿತು. ತಣ್ಣಗಾಗುತ್ತಿದ್ದ ಕಟ್ಟೆಯನ್ನು ಬೆಚ್ಚಗಿಡಬೇಕಲ್ಲ! ಶಾಂಭವಿ ಪ್ರಶ್ನೆ ಕೇಳಿದಳು, ಮುಂಡರಗಿಯವನು ಉತ್ತರಿಸಿದ. ಲಕ್ಷ್ಮೇಶ್ವರದವಳು ಅವನನ್ನು ಹೊಗಳಿದಳು, ಅವನು ಅವಳನ್ನು ಹೊಗಳಿದ. ಗಟ್ಟಿಯಾಗಿ ಹಿಡಿದುಕೊಳ್ಳುವುದರ ಮಹತ್ವದ ಮೇಲೆ ಚರ್ಚೆ ಹತ್ತಿತು. ಯಾರೂ ಇಲ್ಲದ ಬಸ್ಸು ತನ್ನೊಳಗೆ ತಾನೇ ಗದ್ದಲ ಹಾಕಿಕೊಂಡು ಓಡುತ್ತಿತ್ತು.

"ಅಯ್ಯೋ ಇವ್ರ," ಎಂದ ಪರಸಪ್ಪ, ಒರೆಸುವ ಬಟ್ಟೆ ಕೈಯಲ್ಲೇ ಉಳಿದಿತ್ತು. "ಇಷ್ಟ ದಿನ ನೀ ಇದರಾಗ ಅಡ್ಡಾಡಿದೇನ?"

"ಸುಮ್ಕಿರು. ನೀನೂ ಹೋಲ್ಡಾನ್."

ಸುಮ್ಮನಾದವರ ಹೆಸರುಗಳು ಪರದೆಯ ಬದಿಯಲ್ಲಿ ಮಂಕಾಗಿ ನಿಂತಿದ್ದವು. ಆದರೆ ಅವರನ್ನು ಕರೆಯುವುದು ಹೇಗೆ? ಕೇಂದ್ರಕ್ಕೆ ಬನ್ನಿ ಎಂದರೆ ಚುಕ್ಕಿ, ಇಂಥ ದಿನ ಸೇರೋಣ ಎಂದರೆ ಚುಕ್ಕಿ. ಅವಳು ಕಣ್ಣು ಮುಚ್ಚಿ ಬಸ್ಸಿನ ಬಾಗಿಲಲ್ಲಿ ನಿಂತಂತೆ ನೆನೆಸಿಕೊಂಡಳು. ಆಮೇಲೆ ಒತ್ತಿದಳು:

"ನದಾಫ ಮಾಸ್ತರ ಗಾಡಿ ಮುಂದಿನ ಸಲ ಎಂದಿನ ಜಾಗಾದಿಂದ, ಎಂದಿನ ವ್ಯಾಳ್ಯಾಕ್ಕ ಬಿಡತೈತಿ. ಹತ್ತು ಸೀಟು ತುಂಬಿದ್ರ ಅಷ್ಟ ಬಿಡತೈತಿ. ಹತ್ತೋರು ಹತ್ರಿ."

ಒಂದು ಚುಕ್ಕಿಯೂ ಬೀಳಲಿಲ್ಲ. ಯಂತ್ರಕ್ಕೆ ಅದರಲ್ಲಿ ವಿಳಾಸ ಸಿಗಲಿಲ್ಲ, ದಿನ ಸಿಗಲಿಲ್ಲ. ಅದು ಸಿಕ್ಕವರಿಗೆ ಸಿಗಲಿ ಎಂದುಕೊಂಡು ಅವಳು ಬೆರಳು ತೆಗೆಯದೆ ಬರೆದಳು: "ರೈಟ್."

ಕಾದಳು. "ಪ್ರಯಾಣ ಸುಖಕರವಾಗಲಿ," ಎಂದಳು ಶಾಂಭವಿ. ಅದರ ಕೆಳಗೆ ವೀರಭದ್ರ: "ರೋಣದಾಂವಗ ಒಂದು ಸೀಟ್ ಹಿಡೀರಿ ಅಕ್ಕಾರ. ಕಿಟಕಿ ಕಡಿ." ಬೆಟಗೇರಿಯವರು: "ನಾ ಫುಟ್‌ಬೋರ್ಡ್ ಮ್ಯಾಲ ಆದ್ರೂ ನಿಲ್ತೀನ್ರೀ."

ಸಂಜೆಗೆ ಡಾ. ಸ್ವರೂಪಾ ಅವರೇ ಫೋನು ಮಾಡಿದರು. ಅದೇ ಮೆತ್ತಗಿನ ದನಿ. "ಫಕೀರವ್ವ, ಇವತ್ತು ನಿಮ್ಮ ಕೇಂದ್ರದ ಮಾತುಕತೆ ಯಾವತ್ತಿಗಿಂತ ಜಾಸ್ತಿ ಇತ್ತು. ಆದರೆ ವಿದ್ಯಾರ್ಥಿಗಳದ್ದು ಹೆಚ್ಚುಕಡಿಮೆ ಸೊನ್ನೆ. ಏನಾಯ್ತು?"

"ಎಲ್ಲಾರೂ ಗಟ್ಟಿ ಹಿಡಕೊಂಡಿದ್ವಿ ಮೇಡಂ," ಅಂದಳು ಫಕೀರವ್ವ.

*

ಮುಂದಿನ ಭಾನುವಾರ ಕೇಂದ್ರದ ಬಾಗಿಲ ಮುಂದೆ ಅವಳು ಎಲ್ಲರಿಗಿಂತ ಮೊದಲು ನಿಂತಿದ್ದಳು. ಬೀಗದ ಕೈ ನದಾಫ ಸರ್ ಬಳಿಯೇ ಉಳಿದಿತ್ತು. ಯಾರೂ ವಾಪಸ್ ಕೇಳುವ ಕಷ್ಟ ತೆಗೆದುಕೊಂಡಿರಲಿಲ್ಲ. ಬೆಂಚುಗಳ ಮೇಲೆ ಧೂಳು ಬೆರಳಿನಷ್ಟು ದಪ್ಪ.

ವೀರಭದ್ರ ಬಂದ. ಪಂಚಾಯಿತಿಯ ನೀರುಗಂಟಿ, ಬೋಳುತಲೆ. ಬರಹದಲ್ಲಿ ಹುಡುಗನಂತಿದ್ದವನು ಅವಳಿಗಿಂತ ಹಿರಿಯ. ಬಂದವನೇ "ಕಿಟಕಿ ಎಲ್ಲೈತ್ರೀ?" ಅಂದ. ಶಿರಹಟ್ಟಿಯವಳು ಕಂಕುಳಲ್ಲಿ ಕೂಸಿನೊಂದಿಗೆ ಬಂದಳು. ಬೆಟಗೇರಿಯವರು, ಗಜೇಂದ್ರಗಡದ ಇಬ್ಬರು, ಇನ್ನೂ ಕೆಲವರು. ಬಂದವರು ನಗಲಿಲ್ಲ, ನಮಸ್ಕಾರ ಮಾಡಲಿಲ್ಲ. ಒಬ್ಬರ ಮುಖವನ್ನು ಇನ್ನೊಬ್ಬರು ಖೋಟಾ ನೋಟನ್ನು ಬೆಳಕಿಗೆ ಹಿಡಿದು ನೋಡುವಂತೆ ನೋಡಿದರು. ವರ್ಷಗಟ್ಟಲೆ ಇಲ್ಲದವರೊಡನೆ ಮಾತಾಡಿದ ಮೇಲೆ ಇದ್ದವರನ್ನು ನಂಬುವುದು ಕಷ್ಟವಾಗಿತ್ತು. ಶಿರಹಟ್ಟಿಯವಳ ಕೂಸು ವೀರಭದ್ರನ ಮೀಸೆ ಎಳೆದು ಅವನು "ಹಾ!" ಎಂದು ಕೂಗಿದ ಮೇಲೆಯೇ ಕೋಣೆಯಲ್ಲಿ ಮೊದಲ ನಗು ಹುಟ್ಟಿತು.

"ಒಂಬತ್ತು," ಎಂದರು ನದಾಫ ಸರ್.

ಬಾಗಿಲಲ್ಲಿ ನೆರಳು ಬಿತ್ತು. ಬಿಳಿ ಅಂಗಿ, ಬಡಕಲು ಮೈ. ನಿಯಂತ್ರಣ ಕೊಠಡಿಯ ಅಟೆಂಡರ್.

ಫಕೀರವ್ವ ದಡಕ್ಕನೆ ಎದ್ದಳು. "ನಿಮ್ಮನ್ನ ಯಾರ್ ಕಳಿಸ್ಯಾರ್ರೀ?"

"ಯಾರೂ ಕಳಿಸಿಲ್ರೀ ಅಕ್ಕಾರ. ನಾ ಬಾಳಪ್ಪ. ಡಂಬಳದಾಂವ. ಹೋದ ವರ್ಷ ನಾನೂ ಹೆಸರ ಹಚ್ಚೀನ್ರೀ. ಕಟ್ಟಿಯಾಗ ಏನೂ ಬರಿಯಂಗಿಲ್ಲ, ಬರದ್ರ ಮೇಡಂ ನೋಡ್ತಾರ ಅಂತ ಅಂಜಿಕಿ." ಅವನು ಹೊಸ್ತಿಲ ಆಚೆಯೇ ನಿಂತಿದ್ದ. "ಅವತ್ತ ನೀವು ಅಂದದ್ದು ಕೇಳಿದ್ನಲ್ರೀ, ಗಟ್ಟಿ ಹಿಡಕೋರಿ ಅಂತ. ಖರೇ ಅರ್ಥ ನಾ ಯಾರಿಗೂ ಹೇಳಿಲ್ರೀ."

"ಒಳಗ ಬರ್ರಿ," ಎಂದರು ನದಾಫ ಸರ್. "ಹತ್ತು."

ಹಾಜರಿ ಬರೆದರು. ಹತ್ತೂ ಜನ ಸಹಿ ಹಾಕಿದರು. ತರಗತಿ ಶುರುವಾಯಿತು. ಬಾಳಪ್ಪ ಬೆಂಚಿನ ತುದಿಗೆ ಕೂತ, ಫಕೀರವ್ವ ಅವನಿಗೂ ಶಿರಹಟ್ಟಿಯವಳಿಗೂ ನಡುವೆ. ಎರಡೂ ಮೊಣಕೈ ತಾಗಿದವು. ಸರ್ ಪುಸ್ತಕದಿಂದ ಒಂದು ಪುಟ ಗಟ್ಟಿಯಾಗಿ ಓದತೊಡಗಿದರು. ನಡುವೆ ಬೆಟಗೇರಿಯವರು ಕೈ ಎತ್ತಿ, ನಾಚಿಕೊಂಡು, "ಹೋಲ್ಡಾನ್ ಸರ್," ಅಂದರು. ಸರ್ ನಿಲ್ಲಿಸಿದರು. ಕೋಣೆಯಲ್ಲಿ ಕೂಸಿನ ಉಸಿರು ಕೇಳುವಷ್ಟು ನಿಶ್ಶಬ್ದ.

ಆ ನಿಶ್ಶಬ್ದದಲ್ಲಿ ಫಕೀರವ್ವನ ಫೋನು ಬೆಂ‍ಚಿನ ಮೇಲೆ ಗುರ್ ಎಂದಿತು. ಶಾಂಭವಿ. ಪುಸ್ತಕದ ಕನ್ನಡ ಬಿಟ್ಟು ಅಚ್ಚ ನರಗುಂದದ ಮಾತಿನಲ್ಲಿ ಬರೆದಿದ್ದಳು:

"ಹೋಲ್ಡಾನ್, ಫಕೀರಿ! ಗಾಡಿ ಬಿಡಬ್ಯಾಡ್ರಿ. ನಾನೂ ಹತ್ತಾಕಿ ಅದೀನಿ. ಯಾವ ಸ್ಟಾಪಿಗೆ ಬರ್ಲಿ ಹೇಳು."

ಪಕ್ಕದಲ್ಲಿದ್ದ ಶಿರಹಟ್ಟಿಯವಳು ಅದನ್ನು ಓದಿದಳು. ಹಿಂದಿನಿಂದ ವೀರಭದ್ರ ಬಗ್ಗಿ ಓದಿದ. ಓದಿದವರೆಲ್ಲರ ಕಣ್ಣು ಬಾಳಪ್ಪನ ಕಡೆ ತಿರುಗಿತು. ಯಂತ್ರಕ್ಕೆ ಆ ಮಾತು ಹೇಳಿಕೊಟ್ಟವರು ಯಾರು? ನಿಯಂತ್ರಣ ಕೊಠಡಿಯಿಂದ ಬಂದವನು ಇವನೊಬ್ಬನೇ ಅಲ್ಲವೇ? "ನಾ ಅಲ್ರೀ... ತಾಯಾಣಿ ನಾ ಅಲ್ರೀ," ಎಂದು ಅವನು ಏಳಲು ನೋಡಿದ. ಕ್ಲಾಸು ಮುಗಿಯುವ ಮೊದಲೇ ಅವನು ಎದ್ದುಹೋದರೆ ಒಂಬತ್ತು.

ಇವನೇ ಹೇಳಿರಬಹುದು. ಹೇಳದೆಯೂ ಇರಬಹುದು. ಯಂತ್ರ ಒಂದು ವಾರದಲ್ಲಿ ತಾನೇ ಕಲಿತಿರಬಹುದು, ವೀರಭದ್ರನ ತಮಾಷೆಯಿಂದ, ಕಂಡಕ್ಟರ್ ರೈಟ್ ಅಂದಿಲ್ಲ ಎಂದು ಫಕೀರವ್ವನೇ ಬರೆದದ್ದರಿಂದ. ತನ್ನನ್ನು ಫಕೀರಿ ಎಂದು ಕರೆಯುವವನು ಪರಸಪ್ಪ ಒಬ್ಬನೇ. ಹಾಗಾದರೆ ಅವನನ್ನೂ ಅನುಮಾನಿಸಬೇಕೇ? ಅವ್ವ ಸತ್ತ ವಾರ ತಾನೇ ಶಾಂಭವಿಗೆ ಏನೇನು ಬರೆದಿದ್ದೆನೋ ಯಾರಿಗೆ ಗೊತ್ತು. ಹೀಗೆ ಒಬ್ಬೊಬ್ಬರನ್ನೇ ಹಿಡಿದು ನೋಡುತ್ತ ಹೋದರೆ ಸಂಜೆಯೊಳಗೆ ಈ ಕೋಣೆ ತಾನೇ ಖಾಲಿಯಾಗುತ್ತದೆ, ಬೀಗ ಹಾಕಲು ವಿಶ್ವವಿದ್ಯಾಲಯದವರು ಬರಬೇಕಾಗಿಲ್ಲ.

ಕೈ ಬೀಸಿ ಓಡಿಬರುವ ಪ್ರಯಾಣಿಕರನ್ನು ಬಿಟ್ಟು ಅವಳು ಇವತ್ತಿನವರೆಗೆ ಗಾಡಿ ಬಿಡಿಸಿರಲಿಲ್ಲ. ಅವಳ ಹೆಬ್ಬೆರಳು ಶಾಂಭವಿಯ ಹೆಸರಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಫೋನು ಬಂದ್ ಮಾಡಿ ಚೀಲದ ತಳಕ್ಕೆ ತುರುಕಿದಳು. ಅರ್ಧ ಎದ್ದಿದ್ದ ಬಾಳಪ್ಪನ ರಟ್ಟೆ ಹಿಡಿದು ಬೆಂಚಿಗೆ ಎಳೆದು ಕೂರಿಸಿದಳು. ಬಡಕಲು ರಟ್ಟೆ, ಬೆವರಿತ್ತು, ಬೆಚ್ಚಗಿತ್ತು.

"ಕುಂಡ್ರು. ಗಾಡಿ ನಡುವ ಇಳಿಯಂಗಿಲ್ಲ." ಬೆಟಗೇರಿಯವರ ಕಡೆ ತಿರುಗಿದಳು. "ನಿಮ್ದು ತಿಳೀತೇನ್ರೀ ಅಣ್ಣಾರ?"

ಅವರು ಕೋಣೆಯನ್ನೆಲ್ಲ ಒಮ್ಮೆ ನೋಡಿ ತಲೆಯಾಡಿಸಿದರು. "ರೈಟ್," ಎಂದರು.

ನದಾಫ ಸರ್ ಮುಂದಿನ ಸಾಲು ಓದಿದರು.